ತಗ್ಗಿದ ವ್ಯಾನು, ಹೆಚ್ಚಿದ ಓಲಾಟ

ಜರ್ಮನಿಯ ಫೋಕ್ಸ್‌ವ್ಯಾಗನ್ ಸಂಸ್ಥೆಯು 1950ರಲ್ಲಿ ತಯಾರಿಸತೊಡಗಿದ ಟ್ರಾನ್ಸ್‌ಪೋರ್ಟರ್ ವ್ಯಾನು ಸಾಮಾನು ಹೊರುವುದಕ್ಕೆಂದು ಹುಟ್ಟಿದ ವಾಹನ. ಕಾಲಕ್ರಮದಲ್ಲಿ ಅದು ಸಂಸಾರವಂದಿಗರಿಗೆ ಪ್ರವಾಸದ ಮನೆಯಾಯಿತು. ಬಳಿಕ ಷೋಕಿಯ ವಸ್ತುವೂ ಆಯಿತು. ಜರ್ಮನಿ, ಇಂಗ್ಲೆಂಡುಗಳಲ್ಲಿ ಅದರ ಅಭಿಮಾನಿಗಳು ಗಿಡ್ಡ ಸ್ಪ್ರಿಂಗುಗಳನ್ನು ಹಾಕಿಸಿ ವ್ಯಾನಿನ ಒಡಲನ್ನು ನೆಲದ ಕಡೆಗೆ ಇಳಿಸುವುದುಂಟು. ನೋಟಕ್ಕೆ ಅಂದ, ತಗ್ಗಿದ ವಾಹನವು ತಿರುವಿನಲ್ಲಿ ಭದ್ರವಾಗಿರುವುದೆಂಬ ನಂಬಿಕೆ ಬೇರೆ.

ನಂಬಿಕೆ ಪೂರ್ತಿ ಸುಳ್ಳಲ್ಲ. ಭಾರದ ಕೇಂದ್ರ ಕೆಳಗಿದ್ದಷ್ಟೂ ವಾಹನ ಮಗುಚುವ ಭಯ ಕಡಿಮೆ. ಆದರೂ ತಗ್ಗಿಸಿದ ವ್ಯಾನು ಕೆಲವೊಮ್ಮೆ ಮೊದಲಿಗಿಂತ ಹೆಚ್ಚಾಗಿ ಓಲಾಡುತ್ತದೆ. ಇದೇನು ವಿಚಿತ್ರ?

ಕಣ್ಣಿಗೆ ಕಾಣದ ಬಿಂದು

2003ರಲ್ಲಿ ಬಂದ ಐದನೆಯ ಪೀಳಿಗೆಯ ಟ್ರಾನ್ಸ್‌ಪೋರ್ಟರಿನ ಮುಂದಿನ ಗಾಲಿಗಳಿಗೆ ಮ್ಯಾಕ್‌ಫರ್ಸನ್ ಸ್ಟ್ರಟ್ ಎಂಬ ಏರ್ಪಾಡಿದೆ. ಸ್ಪ್ರಿಂಗು ಹೊತ್ತ ಕಂಬವೊಂದು ಗಾಲಿಯ ಮೇಲೆ ನಿಂತಿರುತ್ತದೆ. ಕೆಳಗೆ ಗಾಲಿಯನ್ನು ಒಡಲಿಗೆ ಬಂಧಿಸುವ ತೋಳೊಂದಿರುತ್ತದೆ. ತಿರುವಿನಲ್ಲಿ ಒಡಲು ಯಾವ ಬಿಂದುವಿನ ಸುತ್ತ ವಾಲಬೇಕೆಂಬುದನ್ನು ಈ ತೋಳಿನ ಓರೆಯೇ ಬಹುಮಟ್ಟಿಗೆ ನಿರ್ಧರಿಸುತ್ತದೆ. ಒಡಲನ್ನು ಇಳಿಸಿದರೆ ತೋಳಿನ ಗಾಲಿಯ ಕಡೆಯ ತುದಿ ಮೇಲೇರುತ್ತದೆ. ಆಗ ಭಾರದ ಕೇಂದ್ರ ಐದು ಸೆಂಟಿಮೀಟರು ಇಳಿದರೆ, ಆ ಬಿಂದು ಅದಕ್ಕಿಂತ ಹೆಚ್ಚು ಕೆಳಗಿಳಿಯುತ್ತದೆ. ಎರಡರ ನಡುವಣ ಅಂತರ ಸನ್ನೆಕೋಲಿನಂತೆ ಉದ್ದವಾಗಿ, ಒಡಲನ್ನು ವಾಲಿಸುವ ಬಲ ಬೆಳೆಯುತ್ತದೆ. ಸ್ಪ್ರಿಂಗುಗಳು ಅದಕ್ಕೆ ತಕ್ಕಷ್ಟು ಬಿಗಿಯಾಗಿರದಿದ್ದರೆ ಓಲಾಟ ತಪ್ಪದು.

ತೊಂದರೆ ಇಷ್ಟಕ್ಕೇ ನಿಲ್ಲದು. ಗಾಲಿಯನ್ನು ತಿರುಗಿಸುವ ಟೈ ರಾಡ್ ಎಂಬ ಸರಳೂ ಈ ತೋಳೂ ಜೊತೆಜೊತೆಯಾಗಿ ಏರಿಳಿಯಬೇಕು. ಎತ್ತರ ಬದಲಾದಾಗ ಆ ಹೊಂದಿಕೆ ಕೆಡಬಹುದು. ಆಗ ರಸ್ತೆಯ ಉಬ್ಬು ಸಿಕ್ಕಿದೊಡನೆ ಚಾಲಕನ ಅಪ್ಪಣೆಯಿಲ್ಲದೆ ಗಾಲಿ ತಾನಾಗಿಯೇ ಓರೆಯಾಗುತ್ತದೆ. ಗಾಲಿಯ ಏರಿಕೆಯನ್ನು ತಡೆಯುವ ರಬ್ಬರಿನ ತುಂಡಿಗೂ ಮೊದಲಿನ ಅವಕಾಶ ಉಳಿಯುವುದಿಲ್ಲ. ತಿರುವಿನ ನಡುವೆ ಕುಳಿಯೊಂದು ಬಂದರೆ ಅದು ಥಟ್ಟನೆ ತಗುಲಿ, ಟೈರು ನೆಲದ ಹಿಡಿತ ಕಳೆದುಕೊಳ್ಳಬಹುದು.

ಮೋಸ ಹೋಗುವ ಬ್ರೇಕು

ಎಲ್ಲಕ್ಕಿಂತ ಅಪಾಯಕರವಾದುದು ಬ್ರೇಕಿನ ಸಂಗತಿ. ವಿದ್ಯುನ್ಮಾನ ಸಾಧನಗಳಿಲ್ಲದ ಅನೇಕ ಹಳೆಯ ವ್ಯಾನುಗಳಲ್ಲಿ ಹಿಂದಿನ ಅಚ್ಚಿಗೆ ಜೋಡಿಸಿದ ಕವಾಟವೊಂದಿರುತ್ತದೆ. ಸಾಮಾನು ತುಂಬಿ ಹಿಂಭಾಗ ಕುಸಿದಾಗ ಅದು ಹಿಂದಿನ ಬ್ರೇಕುಗಳಿಗೆ ಹೆಚ್ಚು ಒತ್ತಡ ಬಿಡುತ್ತದೆ, ಖಾಲಿಯಿದ್ದಾಗ ತಡೆಹಿಡಿಯುತ್ತದೆ. ಒಡಲನ್ನೇ ಇಳಿಸಿದರೆ ಕವಾಟವು ಖಾಲಿ ವ್ಯಾನನ್ನೂ ತುಂಬಿದ ವ್ಯಾನೆಂದು ತಿಳಿಯುತ್ತದೆ. ಮಳೆಯ ದಿನ, ಹಿಂದಿನ ಆಸನದಲ್ಲಿ ಮಕ್ಕಳು ಕುಳಿತಿರುವಾಗ, ಚಾಲಕ ಬ್ರೇಕನ್ನು ಜೋರಾಗಿ ತುಳಿದರೆ ಹಿಂದಿನ ಗಾಲಿಗಳು ಕಚ್ಚಿಕೊಂಡು ವ್ಯಾನು ಅಡ್ಡಡ್ಡ ಜಾರಬಹುದು.

ಪರಿಹಾರವೇನು?

ಇರುವ ಸ್ಪ್ರಿಂಗಿನ ಸುರುಳಿಗಳನ್ನು ಕತ್ತರಿಸುವುದು ಎಂದಿಗೂ ಸಲ್ಲದು. ಇಳಿಸುವುದೇ ಆದರೆ ಅಲ್ಪವಾಗಿ ಇಳಿಸಿ, ಒಂದಕ್ಕೊಂದು ಹೊಂದುವ ಸ್ಪ್ರಿಂಗು, ಷಾಕ್ ಅಬ್ಸಾರ್ಬರುಗಳನ್ನು ಹಾಕಿಸಬೇಕು. ತೋಳು ಹಾಗೂ ಸರಳುಗಳ ಕೀಲುಗಳನ್ನು ಹೊಸ ಎತ್ತರಕ್ಕೆ ಸರಿಹೊಂದಿಸಬೇಕು. ಗಾಲಿಗಳ ಓರೆ, ಬ್ರೇಕಿನ ಕವಾಟ, ಮುಂದೀಪಗಳ ನೋಟ, ಎಲ್ಲವನ್ನೂ ಮರಳಿ ಪರೀಕ್ಷಿಸಬೇಕು.

ನಮ್ಮ ದೇಶದಲ್ಲಿ ಕಾನೂನಿನ ತೊಡಕೂ ಉಂಟು. 1988ರ ಮೋಟಾರು ವಾಹನಗಳ ಕಾಯಿದೆಯ 52ನೆಯ ಕಲಮಿನಂತೆ, ತಯಾರಕರ ಮೂಲ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಕೂಡದು. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನೇ ಎತ್ತಿಹಿಡಿಯಿತು.

ವ್ಯಾನಿನ ಎತ್ತರವೆಂಬುದು ಬರಿಯ ಅಂದದ ಮಾತಲ್ಲ; ತೋಳು, ಸರಳು, ಬ್ರೇಕುಗಳೆಲ್ಲವೂ ಅದನ್ನೇ ನೆಚ್ಚಿ ಲೆಕ್ಕಹಾಕಿದಂಥವು. ಆ ಲೆಕ್ಕವನ್ನು ಬದಲಾಯಿಸಹೊರಟವರು ಕೊನೆಯವರೆಗೂ ಲೆಕ್ಕ ಮಾಡುವುದು ಕ್ಷೇಮ.