ಟೆಂಟಿನಲ್ಲಿ ಮಲಗಿ ಕೋಟೆ ನೋಡುವ ದಾರಿ: ಪಶ್ಚಿಮ ಟೆಕ್ಸಸ್‌ಗೆ ಕಡಿಮೆ ಖರ್ಚಿನ ಪ್ರವಾಸ

ಸ್ಯಾನ್ ಆಂಟೋನಿಯೋದಿಂದ ಪಶ್ಚಿಮಕ್ಕೆ ಹೊರಟು, ನಾಲ್ಕೈದು ದಿನ ಟೆಂಟಿನಲ್ಲೇ ಮಲಗಿ ಹಳೆಯ ಕೋಟೆಗಳನ್ನು ನೋಡಿ ಬರಬೇಕೆನ್ನುವವರು ಯಾವ ಜಾಗ ಯಾರ ಕೈಯಲ್ಲಿದೆ ಎಂಬುದನ್ನು ಮೊದಲು ತಿಳಿದುಕೊಳ್ಳಬೇಕು. ಸ್ಟೇಟ್ ಪಾರ್ಕುಗಳನ್ನು ನಡೆಸುವುದು ಟೆಕ್ಸಸ್ ಪಾರ್ಕ್ಸ್ ಅಂಡ್ ವೈಲ್ಡ್‌ಲೈಫ್ ಇಲಾಖೆ. ರಾಜ್ಯದ ಹಲವು ಐತಿಹಾಸಿಕ ತಾಣಗಳು ಟೆಕ್ಸಸ್ ಹಿಸ್ಟಾರಿಕಲ್ ಕಮಿಷನ್‌ನವು. ಇನ್ನು ಕೆಲವು ಫೆಡರಲ್ ಸರ್ಕಾರದ ನ್ಯಾಷನಲ್ ಪಾರ್ಕ್ ಸರ್ವಿಸ್‌ಗೆ ಸೇರಿವೆ. ಮೊದಲು ಪಾರ್ಕ್ ಇಲಾಖೆಯಲ್ಲೇ ಇದ್ದ 18 ತಾಣಗಳು 2008ರಲ್ಲಿ ಕಮಿಷನ್‌ಗೆ ಹೋದವು. ಹಾಗಾಗಿ ಒಬ್ಬರ ಪಾಸು ಇನ್ನೊಬ್ಬರ ಗೇಟಿನಲ್ಲಿ ನಡೆಯುವುದಿಲ್ಲ. ಬಜೆಟ್ ಹಾಕುವಾಗ ಲೆಕ್ಕ ತಪ್ಪುವುದು ಹೆಚ್ಚಾಗಿ ಇಲ್ಲೇ.

ಇನ್ನೊಂದು ಸಂಗತಿ. ಸ್ಟೇಟ್ ಪಾರ್ಕಿನಲ್ಲಿ ಟೆಂಟ್ ಜಾಗದ ಬಾಡಿಗೆ ಬೇರೆ, ತಲೆಗಿಷ್ಟು ಎಂಬ ದಿನದ ಪ್ರವೇಶ ಶುಲ್ಕ ಬೇರೆ. ರಾತ್ರಿ ತಂಗುವವರೂ ಎರಡನ್ನೂ ಕೊಡಬೇಕು. 12 ವರ್ಷದವರೆಗಿನ ಮಕ್ಕಳಿಗೆ ಪ್ರವೇಶ ಉಚಿತ. ತಲೆಗೆ 6 ಡಾಲರ್ ಇರುವ ಪಾರ್ಕಿನಲ್ಲಿ ನಾಲ್ವರು ದೊಡ್ಡವರು ಮೂರು ದಿನ ಕಳೆದರೆ ಪ್ರವೇಶಕ್ಕೇ 72 ಡಾಲರ್ ಆಯಿತು. ವರ್ಷವಿಡೀ ನಡೆಯುವ ಸ್ಟೇಟ್ ಪಾರ್ಕ್ಸ್ ಪಾಸಿನ ಬೆಲೆ ಬಹಳ ಕಾಲದಿಂದ 70 ಡಾಲರ್, ಅದೂ ಒಂದೇ ಕಾರಿನಲ್ಲಿ ಬಂದವರಿಗೆಲ್ಲ ಸೇರಿ. ಡಲ್ಲಾಸ್, ಆಸ್ಟಿನ್, ಹ್ಯೂಸ್ಟನ್‌ಗಳಲ್ಲಿ ನೆಲೆಸಿದ ಕನ್ನಡದ ಕುಟುಂಬಗಳಿಗೆ, ಅದರಲ್ಲೂ ಊರಿನಿಂದ ಅಪ್ಪ-ಅಮ್ಮ ಬಂದಿರುವ ತಿಂಗಳುಗಳಲ್ಲಿ, ಇದು ಕಣ್ಣು ಮುಚ್ಚಿ ಕೊಳ್ಳಬಹುದಾದ ಪಾಸು. ಒಬ್ಬರೇ ಹೋಗಿ ಎರಡು ರಾತ್ರಿ ಇದ್ದು ಬರುವುದಾದರೆ ಬೇಡ.

ಟೆಂಟ್ ಜಾಗವನ್ನು ಐದು ತಿಂಗಳ ಮುಂಚೆಯೇ ಕಾಯ್ದಿರಿಸಬಹುದು. ಮಾರ್ಚಿನ ಸ್ಪ್ರಿಂಗ್ ಬ್ರೇಕ್ ಮತ್ತು ವಾರಾಂತ್ಯಗಳು ಬೇಗ ತುಂಬುತ್ತವೆ. ಭಾನುವಾರದಿಂದ ಗುರುವಾರದೊಳಗೆ ಹೊರಟರೆ ಜಾಗ ಸಿಗುವುದು ಸುಲಭ. ಒಂದು ಜಾಗಕ್ಕೆ ಸಾಮಾನ್ಯವಾಗಿ ಎಂಟು ಜನರವರೆಗೆ ಬಿಡುತ್ತಾರೆ. ಎರಡು ಕುಟುಂಬ ಸೇರಿದರೆ ಬಾಡಿಗೆ ಅರ್ಧಕ್ಕಿಳಿಯುತ್ತದೆ. ಕರೆಂಟ್ ಇಲ್ಲದ, ಬರೀ ನಲ್ಲಿ ನೀರಿರುವ ಜಾಗ ಸಾಕು.

ಇನ್ನು ದಾರಿ. ಹೊರಡುವ ದಿನ ಬೆಳಿಗ್ಗೆ ಸ್ಯಾನ್ ಆಂಟೋನಿಯೋದ ಮಿಷನ್‌ಗಳನ್ನು ನೋಡಿ. 2015ರಲ್ಲಿ ಯುನೆಸ್ಕೋ ಪಟ್ಟಿ ಸೇರಿದ ಈ ಸ್ಪ್ಯಾನಿಷ್ ಕಾಲದ ಚರ್ಚುಗಳಿಗೆ ಪ್ರವೇಶ ಶುಲ್ಕವಿಲ್ಲ. ಮೊದಲ ರಾತ್ರಿಗೆ ಜಂಕ್ಷನ್ ಊರಿನ ಬಳಿಯ ಸೌತ್ ಲ್ಯಾನೋ ರಿವರ್ ಪಾರ್ಕ್ ಅನುಕೂಲ. ಅಲ್ಲಿಂದ ಸುಮಾರು ಒಂದು ಗಂಟೆಯ ದಾರಿಯಲ್ಲಿ 1852ರಲ್ಲಿ ಕಟ್ಟಿದ ಫೋರ್ಟ್ ಮೆಕ್ಯಾವೆಟ್ ಇದೆ. ಇದು ಕಮಿಷನ್‌ನ ತಾಣ, ಟಿಕೆಟ್ ಬೇರೆ.

ಆಮೇಲಿನ ಹೆದ್ದಾರಿ ಉದ್ದ, ಬರಿದು. ಒಜೋನಾದಿಂದ ಫೋರ್ಟ್ ಸ್ಟಾಕ್ಟನ್‌ವರೆಗಿನ ನೂರು ಮೈಲಿಗೂ ಮೀರಿದ ಹಾದಿಯಲ್ಲಿ ಪೆಟ್ರೋಲ್ ಬಂಕುಗಳು ತೀರಾ ಕಡಿಮೆ. ಒಜೋನಾದಲ್ಲೇ ಟ್ಯಾಂಕ್ ತುಂಬಿಸಿ. ಹೋಗಿಬರುವುದಕ್ಕೆ ಸುಮಾರು 800 ಮೈಲಿ. ಗ್ಯಾಲನ್‌ಗೆ 25 ಮೈಲಿ ಕೊಡುವ ಕಾರಾದರೆ 32 ಗ್ಯಾಲನ್, ಗ್ಯಾಲನ್‌ಗೆ 3 ಡಾಲರ್ ಎಂದಿಟ್ಟುಕೊಂಡರೆ 96 ಡಾಲರ್.

ಇಡೀ ಪ್ರವಾಸದಲ್ಲಿ ನಿಧಾನವಾಗಿ ನೋಡಬೇಕಾದ ಊರು ಫೋರ್ಟ್ ಡೇವಿಸ್. ಸುಮಾರು 5,000 ಅಡಿ ಎತ್ತರದಲ್ಲಿರುವುದರಿಂದ ಬೇಸಿಗೆಯಲ್ಲೂ ರಾತ್ರಿ ತಂಪು. ಚಳಿಗಾಲಕ್ಕಾದರೆ ದಪ್ಪ ಕಂಬಳಿ ಬೇಕೇ ಬೇಕು. ಡೇವಿಸ್ ಮೌಂಟನ್ಸ್ ಸ್ಟೇಟ್ ಪಾರ್ಕಿನಲ್ಲಿ ಟೆಂಟ್ ಹಾಕಿ, ಗುಡ್ಡದ ಮೇಲಿನ ಕಾಲುದಾರಿಯಲ್ಲಿ ನಡೆದರೆ ಕೋಟೆಯೇ ಎದುರಾಗುತ್ತದೆ. ಪಾರ್ಕು ರಾಜ್ಯದ್ದು, ಕೋಟೆ ಫೆಡರಲ್ ಸರ್ಕಾರದ್ದು. ಅಂತರ್ಯುದ್ಧ ಮುಗಿದ ಮೇಲೆ ಇಲ್ಲಿ ನೆಲೆನಿಂತದ್ದು ಬಫಲೋ ಸೋಲ್ಜರ್ಸ್ ಎನ್ನಿಸಿಕೊಂಡ ಕಪ್ಪು ಸೈನಿಕರ ಪಡೆಗಳು. ವೆಸ್ಟ್ ಪಾಯಿಂಟ್ ಸೈನಿಕ ಶಾಲೆಯಲ್ಲಿ 1877ರಲ್ಲಿ ಪದವಿ ಪಡೆದ ಮೊದಲ ಕಪ್ಪು ಅಧಿಕಾರಿ ಹೆನ್ರಿ ಫ್ಲಿಪ್ಪರ್ ಇಲ್ಲೇ ಇದ್ದರು. ಹಣ ದುರುಪಯೋಗದ ಆರೋಪದ ಮೇಲೆ 1881ರಲ್ಲಿ ಅವರ ಕೋರ್ಟ್ ಮಾರ್ಷಲ್ ನಡೆಯಿತು. ಆ ಆರೋಪ ನಿಲ್ಲಲಿಲ್ಲ. ಆದರೂ ಅಧಿಕಾರಿಗೆ ತಕ್ಕ ನಡತೆಯಲ್ಲ ಎಂಬ ನೆಪದಲ್ಲಿ ಅವರನ್ನು ಸೇನೆಯಿಂದ ಕಿತ್ತುಹಾಕಿದರು. ಅಧ್ಯಕ್ಷ ಕ್ಲಿಂಟನ್ ಅವರಿಗೆ ಕ್ಷಮಾದಾನ ನೀಡಿದ್ದು 1999ರಲ್ಲಿ, ಫ್ಲಿಪ್ಪರ್ ತೀರಿಕೊಂಡು ಎಷ್ಟೋ ದಶಕಗಳಾದ ಮೇಲೆ. ಈ ಕಥೆ ತಿಳಿದು ಹೋದವರಿಗೆ ಆ ಬ್ಯಾರಕ್‌ಗಳು ಬರೀ ಕಟ್ಟಡಗಳಾಗಿ ಉಳಿಯುವುದಿಲ್ಲ. ಅದಕ್ಕೇ ಅರ್ಧ ದಿನವನ್ನಾದರೂ ಇಲ್ಲಿಗೆ ಮೀಸಲಿಡಿ ಎನ್ನುತ್ತೇನೆ.

ಊಟದ ಖರ್ಚು ನಮ್ಮವರಿಗೆ ಹಗುರ. ಪುಳಿಯೋಗರೆ ಗೊಜ್ಜು, ಹುರಿದ ರವೆ, ಅವಲಕ್ಕಿ, ಚಟ್ನಿಪುಡಿ ಇವಕ್ಕೆ ಐಸ್‌ಬಾಕ್ಸ್ ಬೇಡ. ಹಾಲು, ಮೊಸರು, ತರಕಾರಿಗೆ ಮಾತ್ರ ಸಾಕು. ಬರಗಾಲದಲ್ಲಿ ಬೆಂಕಿ ಹಾಕುವುದನ್ನು ನಿಷೇಧಿಸುತ್ತಾರೆ, ಆಗಲೂ ಸಾಮಾನ್ಯವಾಗಿ ಗ್ಯಾಸ್ ಒಲೆಗೆ ಅನುಮತಿ ಇರುತ್ತದೆ. ಸೌದೆಯನ್ನೇ ನೆಚ್ಚಿಕೊಳ್ಳಬೇಡಿ, ಪಾರ್ಕಿನಲ್ಲಿ ಬಿದ್ದ ಕಟ್ಟಿಗೆ ಆಯುವುದೂ ನಿಷಿದ್ಧ. ರಾತ್ರಿ ತಿಂಡಿಯನ್ನೆಲ್ಲ ಕಾರಿನೊಳಗಿಡಿ. ಹಂದಿಯಂತಹ ಹ್ಯಾವಲೀನಾಗಳು ವಾಸನೆ ಹಿಡಿದು ಬರುತ್ತವೆ.

ಮರಳುವ ಮುನ್ನ ಬಾಲ್ಮೊರೆಯಾ ಪಾರ್ಕಿಗೆ ಇಳಿಯಿರಿ. 1930ರ ದಶಕದ ಆರ್ಥಿಕ ಕುಸಿತದಲ್ಲಿ ಕೆಲಸವಿಲ್ಲದ ಯುವಕರಿಗಾಗಿ ಸರ್ಕಾರ ಹುಟ್ಟುಹಾಕಿದ ಸಿಸಿಸಿ ಪಡೆ ಕಟ್ಟಿದ ದೊಡ್ಡ ಈಜುಕೊಳ ಅಲ್ಲಿದೆ. ಸ್ಯಾನ್ ಸಾಲೊಮನ್ ಬುಗ್ಗೆಯ ನೀರು ವರ್ಷವಿಡೀ ಅದರೊಳಗೆ ಉಕ್ಕುತ್ತದೆ, ಮೀನುಗಳ ನಡುವೆಯೇ ಈಜಬಹುದು. ಕೊಳ 25 ಅಡಿ ಆಳದವರೆಗೂ ಇದೆ, ಹಾಗಾಗಿ ಮಕ್ಕಳ ಜೊತೆ ಈಜು ಬಲ್ಲವರೊಬ್ಬರು ಇಳಿಯಲಿ. ದಿನಕ್ಕಿಷ್ಟೇ ಜನ ಎಂಬ ಮಿತಿಯೂ ಉಂಟು. ಪಾಸಿದ್ದರೂ ಆ ದಿನದ ಪ್ರವೇಶವನ್ನು ಮುಂಗಡವಾಗಿ ಕಾಯ್ದಿರಿಸಿ, ಕೊಳ ತೆರೆದಿದೆಯೇ ಎಂದು ಕೇಳಿಕೊಂಡೇ ಹೊರಡಿ.