ಚೋಟುದ್ದ ಬಿಟ್ಟು ಮೇಯಿಸುವ ಬಗೆ

ಬಾದಾಮಿಯ ಮರಳುಗಲ್ಲಿನ ಗುಡ್ಡಗಳ ಬುಡದಲ್ಲೂ ಇಳಕಲ್ಲಿನ ಗ್ರಾನೈಟ್ ಬಂಡೆಗಳ ಸುತ್ತಲೂ ಮಣ್ಣು ತೆಳು. ಬಾಗಲಕೋಟೆ ಜಿಲ್ಲೆಯ ಸರಾಸರಿ ಮಳೆ ವರ್ಷಕ್ಕೆ 600 ಮಿ.ಮೀ.ಗೂ ಕಡಿಮೆ. ಹುನಗುಂದದ ಎರಿ ಹೊಲಗಳಿಗೆ ಬಿಳಿಜೋಳವಿದೆ. ಗುಡ್ಡ, ಬಂಡೆಗಳ ಬಳಿಯ ಮಸಾರಿ, ಮರಡಿ ನೆಲಕ್ಕೆ ಹುಲ್ಲೇ ಸರಿ. ಧಾರವಾಡದಲ್ಲಿ ಪ್ರಾದೇಶಿಕ ಕೇಂದ್ರವಿರುವ ಭಾರತೀಯ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆ ಇಂಥ ಒಣನೆಲಕ್ಕೆ ಹೇಳುವ ಜೋಡಿಯೊಂದಿದೆ: ಅಂಜನ ಹುಲ್ಲು ಮತ್ತು ಸ್ಟೈಲೋ. ಸ್ಟೈಲೋ ದ್ವಿದಳ ಜಾತಿಯದು. ಬೇರುಗಂಟುಗಳಲ್ಲಿ ಗಾಳಿಯ ಸಾರಜನಕ ಹಿಡಿದಿಡುತ್ತದೆ.

ಜೋಡಿ ಬಿತ್ತುವುದು ಸುಲಭ, ಉಳಿಸಿಕೊಳ್ಳುವುದು ಕಷ್ಟ. ಅಂಜನ ಹುಲ್ಲಿನ ಕಾಂಡದ ದಪ್ಪ ಬುಡವೇ ಅದರ ಹಗೇವು. ಮೇಯ್ದ ಮೇಲೆ ಹೊಸ ಗರಿ ಬರುವುದು ಅಲ್ಲಿ ಕೂಡಿಟ್ಟ ಶಕ್ತಿಯಿಂದ. ಬುಡಕ್ಕೇ ಬಾಯಿ ಬಿದ್ದರೆ ಬೇರೂ ಸೊರಗುತ್ತದೆ. ಹಾಗೆಂದು ಮೇಯಿಸದೆ ಬಿಟ್ಟರೆ ಮುಂಗಾರಿನಲ್ಲಿ ಹುಲ್ಲು ಎದ್ದು, ಗಿಡ್ಡ ಸ್ಟೈಲೋಗೆ ಬಿಸಿಲು ತಪ್ಪಿಸುತ್ತದೆ.

ನಡುವೆ ಆಕಳ ಬಾಯಿ. ಮೇಲ್ದವಡೆಯ ಮುಂದೆ ಅದಕ್ಕೆ ಹಲ್ಲಿಲ್ಲ. ನಾಲಿಗೆ ಚಾಚಿ ಹುಲ್ಲನ್ನು ಸುತ್ತಿ, ಕೆಳಹಲ್ಲಿಗೂ ಮೇಲಿನ ಗಟ್ಟಿ ವಸಡಿಗೂ ನಡುವೆ ಹಿಡಿದು, ತಲೆ ಎಳೆದು ಹರಿಯುತ್ತದೆ. ಕುರಿಯಷ್ಟು ನೆಲಕ್ಕಂಟಿ ಮೇಯಲಾರದು. ಈ ಮಟ್ಟಿಗೆ ಹುಲ್ಲಿಗೆ ಅನುಕೂಲವೇ.

ಅಳತೆಗೆ ಕೈಯೇ ಸಾಕು. ಹುಲ್ಲು ಮೊಣಕಾಲು ಮುಟ್ಟುವ ಹೊತ್ತಿಗೆ ದನ ಒಳಗೆ. ಚೋಟುದ್ದ ಉಳಿದಾಗ ಹೊರಗೆ. ಹೆಬ್ಬೆರಳು, ತೋರುಬೆರಳು ಅಗಲಿಸಿದರೆ ಒಂದು ಚೋಟು, ಸುಮಾರು 15 ಸೆಂ.ಮೀ. ಆದರೆ ಎಲ್ಲಿ ಅಳೆಯಬೇಕು? ಸಗಣಿ ಬಿದ್ದ ಕಡೆ ದನ ಬಾಯಿ ಹಾಕುವುದಿಲ್ಲ, ಅಲ್ಲಿ ಹುಲ್ಲು ಎತ್ತರವಾಗಿಯೇ ನಿಂತಿರುತ್ತದೆ. ಬಾಗಿಲ ಬಳಿ ತುಳಿದು ನೆಲಸಮವಾಗಿರುತ್ತದೆ. ಎರಡನ್ನೂ ಬಿಟ್ಟು, ಹೊಲವನ್ನು ಮೂಲೆಯಿಂದ ಮೂಲೆಗೆ ಅಡ್ಡ ಹಾಯುತ್ತ ಹತ್ತಾರು ಕಡೆ ಕೈಯೂರಿ ನೋಡಬೇಕು.

ಬೇಲಿ ಇಲ್ಲದವರಿಗೆ ಗೂಟವಿದೆ. 4 ಮೀಟರ್ ಹಗ್ಗ ಕಟ್ಟಿದರೆ ಎತ್ತು ಸುಮಾರು 50 ಚದರ ಮೀಟರ್ ಸುತ್ತಿ ಮೇಯುತ್ತದೆ. ಚೋಟು ಬಂದೊಡನೆ ಗೂಟ ಕಿತ್ತು ಮುಂದಕ್ಕೆ ಹೊಡೆಯುವುದು. ಮೇಯ್ದ ಜಾಗಕ್ಕೆ ಮಳೆಗಾಲದಲ್ಲಿ ತಿಂಗಳೊಂದರ ಬಿಡುವಾದರೂ ಬೇಕು, ಮಳೆ ಕೈಕೊಟ್ಟರೆ ಇನ್ನೂ ಹೆಚ್ಚು. ಊರಿಗೆಲ್ಲ ಸೇರಿದ ಗಾಯರಾಣದಲ್ಲಿ ಮಾತ್ರ ಈ ಲೆಕ್ಕ ನಡೆಯದು. ಒಬ್ಬರು ಉಳಿಸಿದ್ದನ್ನು ಇನ್ನೊಬ್ಬರ ಕುರಿ ಮುಗಿಸುತ್ತದೆ.

ಮುಂಗಾರಿನಲ್ಲಿ ದನ ಎಳೆ ಹುಲ್ಲನ್ನೇ ಹುಡುಕಿ ತಿನ್ನುವುದರಿಂದ ಸ್ಟೈಲೋಗೆ ಬಿಸಿಲು ಸಿಗುತ್ತದೆ. ಮಳೆ ನಿಂತು ಹುಲ್ಲು ಒಣಗಿ ಸತ್ವ ಕಳೆದುಕೊಂಡಾಗ ಅವು ತಾವಾಗಿ ಇನ್ನೂ ಹಸಿರಿರುವ ಸ್ಟೈಲೋ ಕಡೆ ಹೊರಳುತ್ತವೆ. ಸ್ಟೈಲೋ ಬೀಜ ಕಟ್ಟಿ ಉದುರುವವರೆಗೆ ಹೊಲದ ಒಂದು ತುಂಡನ್ನು ಕಾಯ್ದರೆ ಬರುವ ವರ್ಷ ಬಿತ್ತುವ ಖರ್ಚು ಉಳಿಯುತ್ತದೆ. ಬೇಸಿಗೆಯಲ್ಲಿ ಹುಲ್ಲು ಚೋಟಿಗಿಂತ ಕೆಳಗಿಳಿಯಿತೋ, ದನ ಕೊಟ್ಟಿಗೆಯಲ್ಲೇ ನಿಲ್ಲಬೇಕು, ಬಣವಿಯ ಕಣಿಕೆ ಬಿಚ್ಚಬೇಕು.