ಗೆಳೆಯನ ಹೆಸರಿನ ಕಳ್ಳ ಓಲೆ

2000ನೆಯ ಇಸವಿ ಮೇ 4ರಂದು ಜಗತ್ತಿನ ಲಕ್ಷಾಂತರ ಕಂಪ್ಯೂಟರುಗಳಿಗೆ ಒಂದು ಪ್ರೇಮಪತ್ರ ಬಂದಿತು. ‘ಐ ಲವ್ ಯೂ’ ಎಂಬುದೇ ಅದರ ತಲೆಬರಹ. ಲಗತ್ತಿಸಿರುವ ಓಲೆಯನ್ನು ದಯವಿಟ್ಟು ಓದಬೇಕೆಂಬ ಒಂದು ಸಾಲು ಒಳಗೆ. ಕಳುಹಿಸಿದವರಾದರೋ ಅಪರಿಚಿತರಲ್ಲ, ಕಚೇರಿಯ ಜೊತೆಗಾರರು, ನಂಟರು, ಹಳೆಯ ಗೆಳೆಯರು. ವಿಂಡೋಸ್ ಯಂತ್ರದಲ್ಲಿ ಅದನ್ನು ತೆರೆದವರ ಚಿತ್ರಗಳು ಅಳಿದು, ಅವುಗಳ ಸ್ಥಾನದಲ್ಲಿ ಆ ಓಲೆಯ ಪ್ರತಿಗಳೇ ಕುಳಿತುವು. ಔಟ್‌ಲುಕ್ಕಿನ ವಿಳಾಸಪಟ್ಟಿಯಲ್ಲಿದ್ದವರಿಗೆಲ್ಲ ಅದೇ ಪತ್ರ ಯಂತ್ರದ ಒಡೆಯನ ಹೆಸರಿನಲ್ಲಿಯೇ ಹೊರಟುಹೋಯಿತು. ಬ್ರಿಟನ್ನಿನ ಪಾರ್ಲಿಮೆಂಟೂ ತನ್ನ ಇ-ಮೇಲ್ ವ್ಯವಸ್ಥೆಯನ್ನು ನಿಲ್ಲಿಸಬೇಕಾಯಿತು.

ಇದರ ಕರ್ತೃ ಫಿಲಿಪ್ಪೀನ್ಸಿನ ಓನೆಲ್ ದೆ ಗುಸ್ಮಾನ್ ಎಂಬ ತರುಣ. ಹಣ ತೆರದೆ ಇಂಟರ್‌ನೆಟ್ ಬಳಸಲು ಪರರ ಗುಪ್ತಪದಗಳನ್ನು ಕದಿಯುವುದೇ ತನ್ನ ಉದ್ದೇಶವಾಗಿತ್ತೆಂದು ಆತ ಒಪ್ಪಿಕೊಂಡ ಸಂದರ್ಶನ ಬೆಳಕಿಗೆ ಬಂದುದು 2020ರಲ್ಲಿ. ಅಂತಹ ಕೃತ್ಯವನ್ನು ದಂಡಿಸುವ ಕಾನೂನು ಅಂದು ಆ ದೇಶದಲ್ಲಿರಲಿಲ್ಲ. ಮರುತಿಂಗಳು ಬಂದ ಕಾನೂನು ಹಿಂದಿನ ಅಪರಾಧಕ್ಕೆ ಅನ್ವಯಿಸಲಿಲ್ಲ.

ಮೋಸಹೋದವರನ್ನು ದಡ್ಡರೆಂದು ನಗುವುದು ಸರಿಯಲ್ಲ. ಕಡತದ ಹೆಸರಿನ ಕೊನೆಯಲ್ಲಿ ಚುಕ್ಕೆಯಿಟ್ಟು ಬರೆಯುವ ಅಕ್ಷರಗಳು ಅದರ ಜಾತಿಯನ್ನು ತಿಳಿಸುತ್ತವೆ. ‘ಟಿಎಕ್ಸ್‌ಟಿ’ ಎಂದರೆ ಬರಿಯ ಬರಹ. ಅದು ತಾನಾಗಿ ಏನನ್ನೂ ಮಾಡಲಾರದು. ‘ವಿಬಿಎಸ್’ ಎಂದರೆ ಯಂತ್ರಕ್ಕೆ ಕೊಡುವ ಆಜ್ಞೆಗಳ ಮಾಲೆ. ಆ ಓಲೆಯ ಹೆಸರಿನಲ್ಲಿ ಮೊದಲು ಟಿಎಕ್ಸ್‌ಟಿ, ಅನಂತರ ವಿಬಿಎಸ್ ಇದ್ದುವು. ಆದರೆ ತನಗೆ ಪರಿಚಿತವಾದ ಕೊನೆಯ ಅಕ್ಷರಗಳನ್ನು ಮರೆಮಾಡುವುದು ವಿಂಡೋಸಿನ ರೂಢಿ. ಓದುಗನ ಕಣ್ಣಿಗೆ ಬಿದ್ದುದು ನಿರಪಾಯವಾದ ಟಿಎಕ್ಸ್‌ಟಿ ಮಾತ್ರ! ಈ ರೂಢಿ ಇಂದಿಗೂ ಉಂಟು. ಕಡತಗಳ ಪೂರ್ಣ ಹೆಸರು ಕಾಣುವಂತೆ ವಾಚಕರು ತಮ್ಮ ಯಂತ್ರದಲ್ಲಿ ಬದಲಿಸಿಕೊಳ್ಳಬಹುದು.

ಅಲ್ಲಿ ಗೆಳೆಯನ ವಿಳಾಸವಾದರೂ ನಿಜವಾಗಿತ್ತು. ಇಂದಿನ ವಂಚಕನಿಗೆ ಅದೂ ಬೇಕಿಲ್ಲ. ಲಕೋಟೆಯ ಮೂಲೆಯಲ್ಲಿ ಯಾರ ಹೆಸರನ್ನು ಬರೆದರೂ ಅಂಚೆಯವರು ವಿಚಾರಿಸುವುದಿಲ್ಲ, ಅಲ್ಲವೆ? ಇ-ಮೇಲ್ ಸಾಗಾಟಕ್ಕೆ 1982ರಲ್ಲಿ ರಚಿತವಾದ ನಿಯಮಗಳೂ ಅಂತಹವೇ. ಕಳುಹಿಸಿದ ವಿಳಾಸವನ್ನು ಪರೀಕ್ಷಿಸುವ ಉಪಾಯಗಳು ಆಮೇಲೆ ಬಂದಿವೆ; ಆದರೆ ಬ್ಯಾಂಕಿನ ಹೆಸರನ್ನು ಹೋಲುವ ಹೊಸ ವಿಳಾಸವನ್ನೇ ಕೊಂಡವನನ್ನು ಅವು ತಡೆಯಲಾರವು.

ಪತ್ರದೊಳಗಿನ ಕೊಂಡಿಯೊಂದು ನಿಮ್ಮ ಬ್ಯಾಂಕಿಗೇ ಕರೆದೊಯ್ಯುವುದೆ? ವಿಳಾಸದಲ್ಲಿ ಮೊದಲು ಬರುವ ಒಂಟಿ ಓರೆಗೆರೆಯವರೆಗಿನ ಭಾಗವನ್ನು ಬಲದಿಂದ ಎಡಕ್ಕೆ ಓದಬೇಕು. ಅಂಚೆಯ ವಿಳಾಸದಲ್ಲಿ ಊರು ಜಿಲ್ಲೆಗಳು ಕೊನೆಗೆ ಬರುವಂತೆ, ಇಲ್ಲಿಯೂ ಒಡೆಯನ ಗುರುತು ಬಲತುದಿಯಲ್ಲಿರುತ್ತದೆ. ಬ್ಯಾಂಕಿನ ಹೆಸರು ಎಡಗಡೆ ಇದ್ದ ಮಾತ್ರಕ್ಕೆ ಮನೆ ಬ್ಯಾಂಕಿನದಾಗದು. ಸಣ್ಣ ಪರದೆಯ ಫೋನಿನಲ್ಲಿ ಈ ಬಲತುದಿಯೇ ಮರೆಯಾಗುವುದುಂಟು. ಆದುದರಿಂದ ಕೊಂಡಿಯನ್ನು ಬಿಟ್ಟು, ಪಾಸ್‌ಬುಕ್ಕಿನಲ್ಲಿ ಅಚ್ಚಾಗಿರುವ ವಿಳಾಸವನ್ನು ತಾವೇ ಟೈಪು ಮಾಡುವುದು ಲೇಸು. ಮುಖ್ಯ ಕಡತಗಳ ಇನ್ನೊಂದು ಪ್ರತಿ ಯಂತ್ರಕ್ಕೆ ಜೋಡಿಸದ ಬೇರೆ ಡಿಸ್ಕಿನಲ್ಲಿರಲಿ.

ಹಣವೇ ಹೋಯಿತೆನ್ನಿ. ಕದ್ದ ಹಣವು ಒಂದು ಖಾತೆಯಿಂದ ಮತ್ತೊಂದಕ್ಕೆ ಬೇಗನೆ ಹಾಯುತ್ತದೆ. ದಾರಿಯಲ್ಲಿ ತಡೆಹಿಡಿಯಲು ಸಾಧ್ಯವಿರುವುದು ಮೊದಲ ಗಂಟೆಗಳಲ್ಲಿ. ನಮ್ಮ ದೇಶದಲ್ಲಿ ಇದಕ್ಕಾಗಿಯೇ 1930 ಎಂಬ ದೂರವಾಣಿ ಸಂಖ್ಯೆ ಇದೆ. ನೆರೆಹೊರೆಯವರು ಏನೆಂದಾರೋ ಎಂದು ಅಳುಕದೆ, ಮೊದಲು ಅಲ್ಲಿಗೆ, ಕೂಡಲೆ ಬ್ಯಾಂಕಿಗೆ ತಿಳಿಸಬೇಕು.